ಸಾವಕಾರ್ತಿ ಹಾಕಿದ ಗಂಟು

ಬನಹಟ್ಟಿಯ ಶೆಡ್ಡಿನಿಂದ ಫೋನು ಬಂದಾಗ ನಾನು ಸಾವಳಗಿಯಲ್ಲಿ ಅವ್ವನ ಮನೆಯ ಕಟ್ಟೆಯ ಮೇಲೆ ಕೂತು ರೇಶನ್ ಅಕ್ಕಿ ಆರಿಸುತ್ತಿದ್ದೆ. ಆ ಸಲದ ಅಕ್ಕಿಯಲ್ಲಿ ಆರಿಸುವಂಥದ್ದೇನೂ ಇರಲಿಲ್ಲ. ಮೊರದ ಈ ಬದಿಯಿಂದ ಆ ಬದಿಗೆ, ಆ ಬದಿಯಿಂದ ಈ ಬದಿಗೆ ಸರಿಸುತ್ತಿದ್ದೆ, ಅಷ್ಟೇ. ಗಂಡ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಹೊತ್ತು ಹೋಗಲೆಂದು ಇಂಥ ಕೆಲಸಗಳನ್ನು ನಾನು ಬಹಳ ಹುಡುಕಿಕೊಂಡಿದ್ದೆ.

ಫೋನು ಮಾಡಿದವರು ಶೆಡ್ಡಿನ ಸಾವಕಾರರು. ನನ್ನ ಗಂಡ ಬದುಕಿರುವ ತನಕ ಅವರ ಪವರ್‌ಲೂಮ್ ಶೆಡ್ಡಿನಲ್ಲೇ ಬೀಮ್ ಕೆಚ್ಚುತ್ತಿದ್ದ. ಅವನ ಜಾಗಕ್ಕೆ ಬಂದ ಮುದುಕನ ಕಣ್ಣಿಗೆ ಪೊರೆ ಬಂದು, ಮಗ್ಗಗಳು ಬೀಮಿಗಾಗಿ ಕಾಯುತ್ತ ನಿಲ್ಲತೊಡಗಿದ್ದವಂತೆ.

"ನನಗಿಂತ ನನ್ನ ಹೇಣ್ತಿ ಕೈ ಚುರುಕು ಅಂತ ನಿನ್ನ ಗಂಡ ಹೇಳ್ತಿದ್ದ. ಖರೆ ಏನ ತಂಗಿ?" ಎಂದರು.

"ಮನ್ಯಾಗ ಕೈಮಗ್ಗಕ್ಕ ಕೆಚ್ಚೇನ್ರಿ. ಪವರ್‌ಲೂಮಿಗೆ ಕೆಚ್ಚಿಲ್ಲ."

"ಎಲ್ಲಿ ಕೆಚ್ಚಿದ್ರೂ ಎಳಿ ಎಳೀನ. ಮೂರು ಬೀಮು ಕೆಚ್ಚಿ ತೋರ್ಸು. ಸೀರಿ ನೆಟ್ಟಗ ಇಳದ್ವಂದ್ರ ನಿನ್ನ ಹೆಸರು ಪುಸ್ತಕದಾಗ ಬರೀತೀನಿ. ತಿಂಗಳ ಪಗಾರ."

ಕೆಚ್ಚುವುದೆಂದರೇನು ಎಂದು ಮೊದಲೇ ಹೇಳಿಬಿಡುತ್ತೇನೆ. ಮಗ್ಗದ ಹಿಂದೆ ದಪ್ಪ ಉರುಳೆಯಂಥ ಬೀಮಿಗೆ ಸೀರೆಯ ಉದ್ದನೆಯ ಎಳೆಗಳನ್ನೆಲ್ಲ ಸುತ್ತಿರುತ್ತಾರೆ. ಬೀಮು ಮುಗಿದರೆ ಹೊಸದನ್ನು ಕೂರಿಸಬೇಕು. ಹಳೆಯ ಎಳೆಗಳ ತುದಿಗಳು ಮಗ್ಗದ ಕಣ್ಣುಗಳಲ್ಲಿ, ಬಾಚಣಿಗೆಯಂಥ ಹಣಗಿಯ ಹಲ್ಲುಗಳಲ್ಲಿ ಪೋಣಿಸಿಕೊಂಡೇ ನಿಂತಿರುತ್ತವೆ. ಅವನ್ನು ಮತ್ತೆ ಪೋಣಿಸುವ ಬದಲು, ಹಳೆಯ ಒಂದೊಂದು ತುದಿಗೆ ಹೊಸ ಬೀಮಿನ ಒಂದೊಂದು ಎಳೆಯನ್ನು ಜೋಡಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದುಬಿಡುತ್ತಾರೆ. ಗಂಟು ಹಾಕುವುದಿಲ್ಲ. ಗಂಟು ದಪ್ಪವಾಗಿ ಹಣಗಿಯಲ್ಲಿ ಸಿಕ್ಕಿಬೀಳುತ್ತದೆ. ಸರಿಯಾಗಿ ಹೊಸೆದದ್ದು ಕಣ್ಣಿಗೂ ಕಾಣದು. ಒಂದು ಸೀರೆಗೆ ಮೂರು ಸಾವಿರದ ಆಚೀಚೆ ಎಳೆ. ಒಂದು ಬೀಮಿಗೆ ಒಂದು ದಿನ ಹಿಡಿಯುತ್ತದೆ.

ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಕುಂತಲ್ಲೇ ಬರೂದ ಬಿಟ್ಟು ಅಲ್ಲಿ ಹೋಗಿ ಕಣ್ಣ ಕಳಕೋತಿ ಏನ? ವಿಧವಾ ಪಗಾರ ಬರತೈತಿ, ಅಕ್ಕಿ ಬರತೈತಿ. ಕೂಸಿನ ಸಾಲಿ ಇಲ್ಲೇ ಐತಿ. ಮತ್ತೇನ ಬೇಕು?"

"ಕುಂತ ಉಣ್ಣಾವರಿಗೆ ಕುಡಿಕಿ ಹೊನ್ನ ಸಾಲೂದಿಲ್ಲ ಅಂತ ನೀನ ಅಂತಿದ್ದೆಲ್ಲಬೇ?"

"ಅದು ಗಂಡಸರಿಗೆ ಹೇಳಿದ ಮಾತು," ಎಂದಳು ಅವ್ವ. ಆಮೇಲೆ ದನಿ ತಗ್ಗಿಸಿ, "ಕೈ ಸುಮ್ನಿರೂದಿಲ್ಲಂದ್ರ ಮನ್ಯಾಗ ಕುಂತು ಲಾಳಿಗೆ ನೂಲಿನ ಕಂಡಿಕಿ ಸುತ್ತು. ಯಾರ ಮುಂದೂ ಹೇಳಬ್ಯಾಡ. ಪಗಾರಕ್ಕ ಪಗಾರೂ ಬರತೈತಿ," ಎಂದಳು.

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಪಿಂಚಣಿಯ ಕಚೇರಿಗೆ ಹೋಗಿ ವಿಚಾರಿಸಿದ್ದೆ. ತಿಂಗಳ ಪಗಾರದ ಕೆಲಸವೆಂದರೆ ಆದಾಯ ಮಿತಿ ಮೀರಬಹುದು, ಮೀರಿದರೆ ಇದು ನಿಲ್ಲುತ್ತದೆ, ಒಮ್ಮೆ ನಿಂತದ್ದು ಮತ್ತೆ ಬೇಕೆಂದರೆ ಎಲ್ಲ ಕಾಗದ ಮೊದಲಿನಿಂದ ಕೊಡಬೇಕು ಎಂದು ಗುಮಾಸ್ತ ಹೇಳಿದ್ದ. ಆ ಕಾಗದಗಳಿಗೆ ಮೊದಲ ಸಲ ಎಷ್ಟು ತಿರುಗಿದ್ದೆನೆಂದು ನನ್ನ ಚಪ್ಪಲಿಗೆ ಗೊತ್ತು. ಶೆಡ್ಡಿನ ಕೆಲಸ ಕೈಕೊಟ್ಟರೆ ನಾನೂ ಏಳು ವರ್ಷದ ಮಗಳೂ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಹಾಗಿದ್ದೂ ಯಾಕೆ ಹೊರಟೆ? ಧೈರ್ಯದಿಂದಲ್ಲ. ಮನೆಯಲ್ಲಿ ಕೂತು ನನಗೆ ಏನೂ ಅನ್ನಿಸದಂತಾಗಿತ್ತು. ಮಗಳು ಬಿದ್ದು ಮೊಣಕಾಲು ಒಡೆದುಕೊಂಡು ಬಂದರೆ ರಕ್ತ ತೊಳೆದು ಅರಿಸಿನ ಹಚ್ಚಿ ಕಳಿಸುತ್ತಿದ್ದೆ, ಅಯ್ಯೋ ಎಂದು ಬಾಯಿಗೆ ಬರುತ್ತಿರಲಿಲ್ಲ. ಅದು ಬಾರದೆ ಇರುವುದು ನನಗೇ ಗೊತ್ತಾಗುತ್ತಿತ್ತು. ಅದಕ್ಕೇ ಹೊರಟೆ.

ಸಾವಳಗಿಯಿಂದ ಜಮಖಂಡಿ, ಅಲ್ಲಿ ಬಸ್ಸು ಬದಲಿಸಿ ಬನಹಟ್ಟಿ. ಶೆಡ್ಡಿನಲ್ಲಿ ಹನ್ನೆರಡು ಮಗ್ಗಗಳ ಖಟಖಟ. ನನಗೆ ಆ ಸದ್ದು ಹಿತವಾಯಿತು, ಅದರೊಳಗೆ ಯಾರೂ ಯಾರನ್ನೂ ಹೇಗಿದ್ದೀ ಎಂದು ಕೇಳುವುದಿಲ್ಲ. ಮೂಲೆಯ ಮಗ್ಗದ ನೇಕಾರ ಕಾಕಾ ನನ್ನ ಗಂಡನ ಜೊತೆಯವರು. ಅವರ ಮಗ್ಗಕ್ಕೇ ಮೊದಲ ಬೀಮು. ಹಳದಿ ಒಡಲು, ಎರಡೂ ಬದಿಗೆ ಕೆಂಪು ದಡಿ.

ನಾನು ಬೂದಿಯ ಬಟ್ಟಲಿಟ್ಟುಕೊಂಡು ಮಣೆ ಹಾಕಿ ಬೀಮಿಗೂ ಮಗ್ಗಕ್ಕೂ ನಡುವೆ ಕೂರಬೇಕು ಎನ್ನುವಷ್ಟರಲ್ಲಿ ಕಾಕಾ ಕೈ ಅಡ್ಡ ಹಿಡಿದರು.

"ತಡಿಬೇ. ಅವ್ವಾರು ಬರಲಿ."

ಅವ್ವಾರು ಎಂದರೆ ಸಾವಕಾರ್ತಿ. ಹೊಸ ಬೀಮು ಕೂತಾಗಲೆಲ್ಲ ಅವರು ಮನೆಯಿಂದ ಆರತಿ ತಟ್ಟೆ ಹಿಡಿದು ಬಂದು, ಮಗ್ಗಕ್ಕೆ ಅರಿಸಿನ ಕುಂಕುಮ ಹಚ್ಚಿ, ಮೊದಲನೇ ಎಳೆಯನ್ನು ತಮ್ಮ ಕೈಯಾರೆ ಕಟ್ಟುತ್ತಾರೆ. ಮುತ್ತೈದೆಯ ಗಂಟಿನಿಂದ ಬೀಮು ಶುರುವಾದರೆ ಎಳೆ ಹರಿಯುವುದಿಲ್ಲ ಎಂದು ಆ ಮನೆಯ ರೂಢಿ. ಇದನ್ನು ನನ್ನ ಗಂಡ ನನಗೆ ಹೇಳಿದ್ದ. ಅವನು ಹೇಳಿದಾಗ ಅದು ನನಗೆ ಸಂಬಂಧಪಟ್ಟ ಮಾತಾಗಿರಲಿಲ್ಲ.

ಸಾವಕಾರ್ತಿ ಬಂದರು. ನನ್ನನ್ನು ನೋಡಿ ಎರಡು ಹೆಜ್ಜೆ ಆಚೆಯೇ ನಿಂತು, "ನೀ ಸ್ವಲ್ಪ ಸರಕೊಳವಾ. ಗಂಟ ಬೀಳೂತನಕ ಮುಟ್ಟಬ್ಯಾಡ. ನಿನ್ನ ಮ್ಯಾಲ ಸಿಟ್ಟಲ್ಲ ಮತ್ತ, ರೂಢಿ," ಎಂದರು. ದನಿಯಲ್ಲಿ ಸಿಟ್ಟು ಇರಲೇ ಇಲ್ಲ. ನಾನು ಸರಿದು ಗೋಡೆಗೆ ಆತು ನಿಂತೆ. ಅವರು ಹೊಸ ಬೀಮಿನ ಅಂಚಿನಿಂದ ಒಂದು ಎಳೆ ಎಳೆದು, ಹಳೆಯ ಮೊದಲ ತುದಿಗೆ ದಪ್ಪನೆಯ ಗಂಟು ಹಾಕಿ, ಕಣ್ಣಿಗೊತ್ತಿಕೊಂಡು ಹೋದರು.

ನಾನು ಎರಡನೆಯದರಿಂದ ಶುರು ಮಾಡಿದೆ. ಎಡಗೈಯಲ್ಲಿ ಹಳೆಯದು, ಬಲಗೈಯಲ್ಲಿ ಹೊಸದು, ಬೂದಿ, ಹೊಸೆತ, ಮುಂದಿನದು. ಹೊಸ ಬೀಮಿನ ಅಂಚಿನಲ್ಲಿ ಒಂದು ಕೆಂಪು ಎಳೆ ಹಾಗೇ ಜೋತಾಡುತ್ತಿತ್ತು. ಅಂಚಿಗೆ ಒಂದೆರಡು ಎಳೆ ಹೆಚ್ಚಿಗೆ ಹಾಕುವುದುಂಟು, ಇದೂ ಹಾಗೇ ಇರಬೇಕೆಂದುಕೊಂಡೆ. ಮೊದಲ ಸಲದ ಗಡಿಬಿಡಿ. ದಡಿಯ ಇನ್ನೂರು ಎಳೆ ಮುಗಿಯುವ ಹೊತ್ತಿಗೆ ಕೈ ನಿಂತಿತು. ಹಳೆಯದರಲ್ಲಿ ಇನ್ನೂ ಒಂದು ಕೆಂಪು ತುದಿ ಉಳಿದಿದೆ, ಹೊಸದರಲ್ಲಿ ಕೆಂಪು ಮುಗಿದು ಹಳದಿ ಶುರುವಾಗಿದೆ.

ಆಗ ತಿಳಿಯಿತು. ಸಾವಕಾರ್ತಿ ಮೊದಲನೇ ಎಳೆ ಬಿಟ್ಟು ಎರಡನೆಯದನ್ನು ಕಟ್ಟಿದ್ದಾರೆ. ಅವರ ಹಿಂದೆ ಹೋದ ನನ್ನ ಇನ್ನೂರೂ ಎಳೆ ಒಂದೊಂದು ಮನೆ ಸರಿದು ಕೂತಿವೆ.

ಇದು ದೊಡ್ಡ ಅನಾಹುತವಲ್ಲ. ಎಲ್ಲ ಕತ್ತರಿಸಿ ಮೊದಲಿನಿಂದ ಕೆಚ್ಚಿದರೆ ಅರ್ಧ ತಾಸಿನ ಕೆಲಸ. ಆದರೆ ಮೊದಲಿನಿಂದ ಎಂದರೆ ಆ ಗಂಟಿನಿಂದ. ಕುಂಕುಮ ಹತ್ತಿದ ಮುತ್ತೈದೆಯ ಗಂಟನ್ನು ನಾನು, ಗಂಡ ಸತ್ತವಳು, ಬ್ಲೇಡು ಹಿಡಿದು ಕತ್ತರಿಸಬೇಕು. ಅದೂ ಕೆಲಸಕ್ಕೆ ಬಂದ ಮೊದಲ ದಿನ. ಅವರನ್ನು ಕರೆದು, ನಿಮ್ಮ ಗಂಟು ತಪ್ಪಿದೆ ಎನ್ನುವುದಕ್ಕೂ ಬಾಯಿ ಬರಲಿಲ್ಲ. ಜೋತಾಡುತ್ತಿದ್ದ ಕೆಂಪು ಎಳೆಯನ್ನು ಇನ್ನೂರು ಎಳೆಗಳ ಮೇಲಿಂದ ಅಡ್ಡಲಾಗಿ ಎಳೆದು ತಂದು ಉಳಿದ ತುದಿಗೆ ಹೊಸೆದುಬಿಟ್ಟೆ. ಮೇಲ್ನೋಟಕ್ಕೆ ಎಲ್ಲ ಸರಿಯಾಯಿತು. ಸಂಜೆ ಬೀಮು ಮುಗಿಸಿ ಕೊನೆಯ ಬಸ್ಸು ಹಿಡಿದೆ.

ಮಗಳು ನನ್ನ ಕೈ ತಿರುಗಿಸಿ ನೋಡಿದಳು. ದಡಿಯ ಬಣ್ಣ ಬೂದಿಯೊಂದಿಗೆ ಸೇರಿ ಎರಡೂ ಬೆರಳಿಗೆ ಹತ್ತಿತ್ತು.

"ಯವ್ವಾ, ಕುಂಕುಮ ಹಚಗೊಂಡಿಯೇನ?"

"ಬಣ್ಣ," ಎಂದೆ. ಎರಡು ಸಲ ಸೋಪು ಹಚ್ಚಿ ತೊಳೆದರೂ ಹೋಗಲಿಲ್ಲ.

ಮರುದಿನ ಹೋದಾಗ ಕಾಕಾರ ಮಗ್ಗ ನಿಂತಿತ್ತು. ಅಡ್ಡ ಬಂದ ಎಳೆ ಮಗ್ಗದ ಏಟಿಗೆ ಉಳಿದವುಗಳ ಮೇಲೆ ಉಜ್ಜಿ ಉಜ್ಜಿ ತಾನೂ ಹರಿದು ಪಕ್ಕದವನ್ನೂ ಹರಿಯುತ್ತಿತ್ತು. ಕಾಕಾ ಕಟ್ಟಿದರೆ ಮತ್ತೆ ಹರಿಯುತ್ತಿತ್ತು. ಮೊದಲ ಸೀರೆಯ ದಡಿಯಲ್ಲಿ, ನೇಯ್ದಷ್ಟು ಉದ್ದಕ್ಕೂ ಸಂದಿ ಬಿದ್ದಿತ್ತು. ಸಾವಕಾರರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ನಿನ್ನ ಗಂಡನ ಕೈ ಹಿಂಗಿರಲಿಲ್ಲ ತಂಗಿ," ಎಂದರು. "ಇನ್ನೂ ಎರಡು ಬೀಮು ಅದಾವ. ಇದ್ರಾಂಗ ಆದ್ರ ನನ್ನ ಕೈಲೂ ಆಗೂದಿಲ್ಲ."

ನಾನು ತಲೆಯಾಡಿಸಿದೆ. ಅವಮಾನ ಆಗಬೇಕಿತ್ತು, ಆಗಲಿಲ್ಲ. ಯಾರದೋ ಬಗ್ಗೆ ಮಾತಾಡುತ್ತಿದ್ದಾರೆ ಎನ್ನುವಂತೆ ನಿಂತಿದ್ದೆ. ಇಲ್ಲೇ ಬಿಟ್ಟು ಹೋಗಿಬಿಡೋಣ, ಮೊರ ಇದೆ, ಅಕ್ಕಿ ಇದೆ ಎಂದುಕೊಂಡೆ.

ಸಾವಕಾರರು ಆಚೆ ಹೋದಮೇಲೆ ಕಾಕಾ ಮಗ್ಗದ ಹಿಂದೆ ಬಗ್ಗಿ, ಅಡ್ಡ ಬಂದ ಎಳೆಯನ್ನು ಬೆರಳಿಗೆ ಸಿಕ್ಕಿಸಿ ತೋರಿಸಿದರು.

"ಏನ ಬೇ ಇದು? ಇದು ಅಂಚಿನ ಎಳಿ. ಇಲ್ಲಿಗ್ಯಾಕ ಬಂತು?"

ಅವರು ಗಂಟಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಕ್ಕರು.

"ಅವ್ವಾರು ಮತ್ತ ಎರಡನೇದ ಕಟ್ಯಾರ ಹೌದಿಲ್ಲೊ? ಅವರದು ಯಾವತ್ತೂ ಹಂಗ. ಎಳಿ ಸಾಲಿನಾಗಿಂದ ತಗಿಯೂದಿಲ್ಲ, ಕೈಗೆ ಸಿಕ್ಕದ್ದ ಎಳದ ಕಟ್ಟತಾರ. ನಿನ್ನ ಗಂಡ ಏನ ಮಾಡ್ತಿದ್ದ ಗೊತ್ತೈತೇನ? ಅವ್ವಾರು ಹೊಳ್ಳಿ ನಿಂತ ಕೂಡ್ಲೆ ಕಚಕ್ ಅಂತ ಕತ್ತರಿಸಿ ತನ್ನ ಎಳಿ ತಾ ಹಾಕ್ತಿದ್ದ. ಪ್ರತಿ ಬೀಮೂ. ದೇವರ ಪಾಲು ದೇವರಿಗೆ ಮುಟ್ಟೇತಿ, ಇನ್ನ ನಮ್ಮ ಪಾಲು ಅಂತಿದ್ದ."

ಈ ಮಾತು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಒಂದು ದಿನವೂ ಹೇಳಿರಲಿಲ್ಲ. ಅವನಿಗೆ ಅದು ಹೇಳುವಂಥ ಸಂಗತಿಯೇ ಆಗಿರಲಿಲ್ಲ ಎಂದು ಕಾಣುತ್ತದೆ. ಗಂಡಸಿನ ಕೈ, ಕತ್ತರಿಸಿದರೆ ಕತ್ತರಿಸಿತು. ನನಗೆ ಸಿಟ್ಟು ಬಂತು. ಯಾರ ಮೇಲೆಂದು ಹೇಳಲಾರೆ, ಸತ್ತವನ ಮೇಲೂ ಇದ್ದೀತು. ಒಂದೂವರೆ ವರ್ಷದಲ್ಲಿ ನನಗೆ ಬಂದ ಮೊದಲನೇ ಸಿಟ್ಟು ಅದು. ಕಾಕಾ ನನಗೆ ಚಹಾ ತರಿಸಿಕೊಟ್ಟು, ಆ ಇನ್ನೂರು ಎಳೆಗಳನ್ನು ತಾವೇ ಕತ್ತರಿಸಿ ಸರಿ ಮಾಡಿಕೊಂಡರು.

ಬಸ್ಸಿನಲ್ಲಿ ಇನ್ನೊಂದು ಮಾತು ಹೊಳೆಯಿತು. ಗಂಡ ಸತ್ತವಳು ಎನ್ನುವುದಕ್ಕೇ ನನಗೆ ತಿಂಗಳು ತಿಂಗಳು ಪಿಂಚಣಿ ಬರುತ್ತಿದೆ. ಗಂಡ ಸತ್ತವಳು ಎನ್ನುವುದಕ್ಕೇ ಶೆಡ್ಡಿನಲ್ಲಿ ಗೋಡೆಗೆ ಆತು ನಿಲ್ಲುತ್ತಿದ್ದೇನೆ. ನನ್ನ ಕೈ ಹೇಗಿದೆ ಎಂದು ಎರಡೂ ಕಡೆ ಯಾರೂ ಕೇಳಿಲ್ಲ.

ಎರಡನೇ ಬೀಮು ಪಕ್ಕದ ಮಗ್ಗದ್ದು, ಹಸಿರು ಒಡಲು, ಕುಂಕುಮಗೆಂಪು ದಡಿ. ಸಾವಕಾರ್ತಿ ಬಂದರು, ಪೂಜೆ ಮಾಡಿದರು, ಎಳೆ ಎಳೆದರು. ನಾನು ಗೋಡೆಯ ಬಳಿಯಿಂದಲೇ ಕತ್ತು ಚಾಚಿ ನೋಡಿದೆ. ಎರಡನೆಯದು.

"ಅವ್ವಾರ, ಒಂದೀಟ ತಡೀರಿ. ಆ ಎಳಿ..."

"ಮಂತ್ರ ತಪ್ಪತೈತಿ, ನಡುವ ಮಾತಾಡಬ್ಯಾಡವಾ," ಎಂದರು. ಗಂಟು ಬಿತ್ತು. ತಟ್ಟೆ ಎತ್ತಿಕೊಂಡು ಹೋದರು.

ನಾನು ಮಣೆಯ ಮೇಲೆ ಕೂತು ಸ್ವಲ್ಪ ಹೊತ್ತು ಗಂಟನ್ನೇ ನೋಡಿದೆ. ಕಾಕಾ ಬೇಕೆಂದೇ ಅತ್ತ ಮುಖ ತಿರುಗಿಸಿ ಬೀಡಿ ಹಚ್ಚಿದರು. ಬ್ಲೇಡು ತೆಗೆದುಕೊಂಡೆ. ಕತ್ತರಿಸಿದೆ. ಏನೂ ಆಗಲಿಲ್ಲ. ದಾರ ದಾರದ ಹಾಗೆಯೇ ತುಂಡಾಯಿತು. ಅಂಚಿನ ಮೊದಲನೇ ಎಳೆಯನ್ನು ಸಾಲಿನಿಂದ ಬಿಡಿಸಿ, ಬೂದಿ ಹಚ್ಚಿ ಹೊಸೆದೆ. ಎರಡನೆಯದು, ಮೂರನೆಯದು. ದಡಿ ಮುಗಿದಾಗ ಹಳೆಯ ಕೆಂಪು ಮುಗಿದ ಕಡೆಯೇ ಹೊಸ ಕೆಂಪೂ ಮುಗಿಯಿತು. ಸಂಜೆ ಕಾಕಾ ಮಗ್ಗವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ಕೆಚ್ಚಿದ ಭಾಗವನ್ನು ಮುಂದೆ ತಂದರು. ಮೂರು ಸಾವಿರ ಹೊಸೆತ ಕಣ್ಣುಗಳಲ್ಲಿ ಹಾದು, ಹಣಗಿ ದಾಟಿ ಈಚೆ ಬಂದವು. ಒಂದೂ ಹರಿಯಲಿಲ್ಲ.

"ಅಂವಗಿಂತ ಛಲೋ ಐತಿ," ಎಂದರು ಕಾಕಾ. "ಅಂವ ಇದ್ದಾಗ ಹೇಳ್ತಿದ್ದಿಲ್ಲ ಮತ್ತ."

ಮೂರನೇ ದಿನಕ್ಕೆ ಆ ಬೀಮಿನ ಮೊದಲ ಸೀರೆ ಇಳಿಯಿತು. ಸಾವಕಾರರು ದಡಿಯ ಮೇಲೆ ಬೆರಳಾಡಿಸಿ, "ಇದು ನೋಡು," ಎಂದಷ್ಟೇ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಅಷ್ಟರಲ್ಲಿ ಸಾವಕಾರ್ತಿ ಬಂದರು. ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಹಿಡಿದುಕೊಂಡರು.

"ಈ ಬೀಮಿನ ಮೊದಲನೇ ಸೀರಿ ಮಗಳ ಕುಬಸಕ್ಕ ಅಂತ ಬೇಡಕೊಂಡಿದ್ನಿ. ನೋಡ್ರಿ, ನನ್ನ ಕೈಲೆ ಗಂಟ ಹಾಕಿದ್ದು ಹೆಂಗ ಬಂದೈತಿ!"

ಮಗಳನ್ನು ಮುಧೋಳಕ್ಕೆ ಕೊಟ್ಟಿದ್ದರು. ಚೊಚ್ಚಲ ಬಸಿರು. ಮುಂದಿನ ವಾರ ತವರಿನಲ್ಲಿ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ ಕುಬಸ ಮಾಡುವವರಿದ್ದರು. ಮದುವೆಯಾಗಿ ಆರು ವರ್ಷದ ಮೇಲೆ ನಿಂತ ಬಸಿರು ಎಂದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಕಾಕಾ ನನ್ನ ಕಡೆ ನೋಡಿ ಕಣ್ಣಲ್ಲೇ ಬೇಡ ಎಂದರು. ನಾನು ನೆಲ ನೋಡಿದೆ.

ಆ ಸಂಜೆ ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಸಾವಳಗಿ ಬಸ್ಸು ಬಂದು ನಿಂತು ಹೋಯಿತು, ನಾನು ಹತ್ತಲಿಲ್ಲ. ಬೆಂಚಿನ ಮೇಲೆ ಕೂತೇ ಇದ್ದೆ. ಸುಮ್ಮನಿದ್ದರೆ ಇನ್ನೊಂದು ಬೀಮು, ಆಮೇಲೆ ಪುಸ್ತಕದಲ್ಲಿ ಹೆಸರು. ಹೇಳಿದರೆ ಶೆಡ್ಡಿನ ಬಾಗಿಲು ಮುಚ್ಚುತ್ತದೆ, ಮತ್ತೆ ಮೊರ. ನನ್ನ ಕೈ ತಾಗಿದರೆ ಕೇಡಾಗುತ್ತದೆ ಎಂದು ನಾನು ನಂಬಿರಲಿಲ್ಲ. ನಂಬಿದ್ದವರು ಅವರು. ನನ್ನ ಮುಂದೆಯೇ ಸೀರೆಯನ್ನು ಎದೆಗೊತ್ತಿಕೊಂಡವರಿಗೆ, ಮಗಳಿಗೆ ಏನು ಉಡಿಸುತ್ತಿದ್ದೇನೆಂದು ಗೊತ್ತಿಲ್ಲ. ನನಗೆ ಗೊತ್ತು. ನಾಳೆ ಆ ಹುಡುಗಿಗೆ ಹೆರಿಗೆಯಲ್ಲಿ ಏನಾದರೂ ಆದರೆ ಅದು ನನ್ನಿಂದ ಆಗಿರುವುದಿಲ್ಲ, ಆದರೂ ನಾನು ಆ ಮನೆಯ ಅನ್ನ ಹೇಗೆ ಉಣ್ಣಲಿ?

ಇನ್ನೊಂದೂ ಇತ್ತು. ಪ್ರತಿ ಬೀಮಿಗೂ ಅವರು ಹೊರಳಿ ನಿಂತಾಗ ಕದ್ದು ಕತ್ತರಿಸುತ್ತ ಆಯುಷ್ಯ ಕಳೆಯಬೇಕು. ಕದ್ದೇ ಮಾಡುವುದಿದ್ದರೆ ಅವ್ವ ಹೇಳಿದಂತೆ ಮನೆಯಲ್ಲಿ ಕೂತು ಕದ್ದು ಕಂಡಿಕೆ ಸುತ್ತಬಹುದಿತ್ತಲ್ಲ. ಇಷ್ಟು ದೂರ ಬಸ್ಸು ಬದಲಿಸಿ ಬರುವುದು ಯಾಕೆ?

ಮರುದಿನ ಶೆಡ್ಡಿಗೆ ಹೋಗದೆ ನೇರ ಅವರ ಮನೆಯ ಹಿತ್ತಲಿಗೆ ಹೋದೆ. ಸಾವಕಾರ್ತಿ ಕುಬಸದ ಕರಿಗಡುಬಿಗೆಂದು ಕಡಲೆಬೇಳೆ ಹಸನು ಮಾಡುತ್ತಿದ್ದರು. ನಿಂತೇ ಹೇಳಿದೆ.

"ಅವ್ವಾರ, ಎರಡನೇ ಬೀಮಿಗೆ ನೀವ ಹಾಕಿದ ಗಂಟ ನಾ ಕತ್ತರಿಸೇನ್ರಿ. ಅದು ಎರಡನೇ ಎಳಿಗೆ ಬಿದ್ದಿತ್ತು. ಕತ್ತರಿಸಿ ಮೊದಲನೇದು ನಾನ ಹಾಕೇನಿ."

ಅವರ ಕೈ ಬೇಳೆಯಲ್ಲೇ ನಿಂತಿತು.

"ಯಾಕ ಹೇಳಿದಿ?" ಎಂದರು. "ನಿನ್ನ ಯಾರ ಕೇಳಿದ್ರು?"

"ಮಗಳಿಗೆ ಉಡಸ್ತೀನಿ ಅಂದ್ರೆಲ್ಲರಿ, ಅದಕ್ಕ."

"ಮೊದಲನೇ ಬೀಮಿನಾಗೂ ತಪ್ಪಿತ್ತೇನು?"

"ತಪ್ಪಿತ್ರಿ. ಆವಾಗ ಕತ್ತರಿಸಾಕ ಅಂಜಿದ್ನಿ. ಅದಕ್ಕ ದಡಿ ಕೆಟ್ಟಿತು."

"ನಿನ್ನ ಗಂಡ?" ಅವರ ದನಿ ಸಣ್ಣಗಾಗಿತ್ತು. "ನಿನ್ನ ಗಂಡ ಇದ್ದಾಗ?"

ಸುಳ್ಳು ಹೇಳಬಹುದಿತ್ತು. ಒಮ್ಮೆ ಬಾಯಿ ತೆರೆದಮೇಲೆ ಸುಳ್ಳಿಗೆ ಜಾಗ ಉಳಿದಿರಲಿಲ್ಲ.

"ಪ್ರತಿ ಬೀಮೂ ಕತ್ತರಿಸ್ತಿದ್ನಂತ್ರಿ. ನನಗೂ ಮೊನ್ನೆ ಗೊತ್ತಾತು."

"ಹಂಗಾರ ಇಷ್ಟು ವರ್ಷ..." ಎಂದು ನಿಲ್ಲಿಸಿದರು. "ಇಷ್ಟು ವರ್ಷ ನಾ ಹಾಕಿದ್ದು ಒಂದೂ ಉಳದಿಲ್ಲ."

"ಉಳದಿಲ್ರಿ."

ಅವರು ಎದ್ದು ಒಳಗೆ ಹೋದರು. ಬಾಗಿಲು ಹಾಕಲಿಲ್ಲ, ಬಾ ಎನ್ನಲೂ ಇಲ್ಲ. ನಾನು ಬಸ್‌ಸ್ಟ್ಯಾಂಡಿಗೆ ನಡೆದೆ. ದಾರಿಯಲ್ಲಿ ಅಳು ಬಂದೀತೆಂದು ಕಾದೆ. ಬರಲಿಲ್ಲ.

ಒಂಬತ್ತು ದಿನ ಯಾರೂ ಫೋನು ಮಾಡಲಿಲ್ಲ. ನಾನು ಅಕ್ಕಿ ಆರಿಸಿದೆ. ಮಗಳ ಬೆರಳಿಗೆ ಬೂದಿ ಹಚ್ಚಿ ಎರಡು ದಾರ ಹೊಸೆಯುವುದನ್ನು ಹೇಳಿಕೊಟ್ಟೆ. ಅವ್ವ ಒಂದು ದಿನ ಕೇಳಿದಳು, "ಹೇಳದಿದ್ರ ಏನಾಗ್ತಿತ್ತಬೇ?" "ಏನೂ ಆಗ್ತಿರಲಿಲ್ಲ," ಎಂದೆ. "ಮತ್ತ?" ಎಂದಳು. ನಾನು ಮೊರ ಎತ್ತಿಕೊಂಡೆ. ಊರಿನವರ ಹಾಗೆ ಅವಳೂ ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಹತ್ತನೇ ದಿನ ಕಾಕಾ ಫೋನು ಮಾಡಿದರು. "ಮೂರನೇ ಬೀಮು ಏರಿಸಿ ಎರಡ ದಿನ ಆತು. ಅವ್ವಾರು ನಿನಗ ಬಾ ಅಂದಾರ." ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ.

ಹೋದೆ. ಶೆಡ್ಡಿನಲ್ಲಿ ಸಾವಕಾರ್ತಿ ತಟ್ಟೆಯೊಂದಿಗೆ ಮೊದಲೇ ಬಂದು ನಿಂತಿದ್ದರು. ಇನ್ನೊಂದು ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಗಂಟು. ಅದನ್ನು ನನ್ನ ಮುಂದೆ ಮಗ್ಗದ ಮೇಲೆ ಇಟ್ಟರು. ಹಸಿರು ಸೀರೆ.

"ಇದನ್ನ ಮಗಳಿಗೆ ಉಡಸಾಕ ಧೈರ್ಯ ಆಗಲಿಲ್ಲ. ಅಂಗಡ್ಯಾಗಿಂದ ಬ್ಯಾರೆ ತಂದ್ನಿ," ಎಂದರು. "ಇದನ್ನ ಮಾರಾಕ ಮನಸ್ಸ ಬರವಲ್ದು. ನೀ ಉಟಗೊ."

ಅದು ಬೈಗುಳವೋ ಉಡುಗೊರೆಯೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿತ್ತೆಂದು ಹೇಳಲಾರೆ. ತೆಗೆದುಕೊಂಡೆ.

ಅವರು ಮಗ್ಗಕ್ಕೆ ಕುಂಕುಮ ಹಚ್ಚಿದರು. ನಾನು ಅಭ್ಯಾಸದಂತೆ ಗೋಡೆಗೆ ಸರಿದಿದ್ದೆ.

"ಅಲ್ಲ್ಯಾಕ ನಿಂತಿ? ಇಲ್ಲಿ ಬಾ. ಮೊದಲನೇ ಎಳಿ ಯಾವುದು, ತೋರ್ಸು."

ಹತ್ತಿರ ಹೋಗಿ ಬೆರಳು ಮಾಡಿ ತೋರಿಸಿದೆ, ಮುಟ್ಟಲಿಲ್ಲ. ಅವರು ಅದನ್ನು ಸಾಲಿನಿಂದ ಬಿಡಿಸಿಕೊಂಡು ಗಂಟು ಹಾಕಲು ಹೋದರು.

"ಗಂಟ ಹಾಕಬ್ಯಾಡ್ರಿ, ಹಣಗ್ಯಾಗ ಸಿಗತೈತಿ. ಬೂದಿ ಹಚಗೊಂಡು ಹೊಸೀರಿ."

"ನನಗ ಬರೂದಿಲ್ಲ."

"ಕಲೀರಿ."

ಕಾಕಾ ಕೆಮ್ಮಿದರು. ಶೆಡ್ಡಿನಲ್ಲಿ ಸಾವಕಾರ್ತಿಗೆ ಹಾಗೆ ಹೇಳಿದವರನ್ನು ಅವರು ನೋಡಿರಲಿಕ್ಕಿಲ್ಲ. ಸಾವಕಾರ್ತಿ ಬೂದಿಯ ಬಟ್ಟಲಿಗೆ ಬೆರಳಿಟ್ಟರು. ಮೊದಲ ಸಲ ಹೊಸೆದದ್ದು ಬಿಚ್ಚಿಕೊಂಡಿತು. ಎರಡನೇ ಸಲವೂ ಬಿಚ್ಚಿತು. ಮೂರನೆಯದು ನಿಂತಿತು. ಎಳೆದು ನೋಡಿದರು, ನಿಂತೇ ಇತ್ತು.

"ಇದನ್ನ ಕತ್ತರಿಸಬ್ಯಾಡ ಮತ್ತ," ಎಂದರು.

"ಇಲ್ರಿ."

ನಾನು ಎರಡನೆಯದರಿಂದ ಶುರು ಮಾಡಿದೆ. ರೂಢಿ ಹೋಗಲಿಲ್ಲ, ಮೊದಲನೇ ಎಳೆ ಇವತ್ತಿಗೂ ನನ್ನದಲ್ಲ. ಅವರ ಮಗಳು ಆಮೇಲೆ ಹೆಣ್ಣುಕೂಸು ಹೆತ್ತಳು, ತಾಯಿ ಕೂಸು ಇಬ್ಬರೂ ಗಟ್ಟಿ. ಅದನ್ನು ಕೇಳಿದ ದಿನ ನನಗೆ ಮೈಯೆಲ್ಲ ಹಗುರಾಯಿತು. ನಂಬಿಕೆ ಇಲ್ಲ ಎಂದವಳಿಗೂ ಒಳಗೆಲ್ಲೋ ಅಂಜಿಕೆ ಇತ್ತು ಎಂದು ಆಗ ಗೊತ್ತಾಯಿತು.

ಸಾವಕಾರರು ಪುಸ್ತಕದಲ್ಲಿ ನನ್ನ ಹೆಸರು ಬರೆದ ವಾರ, ಪಿಂಚಣಿ ನಿಲ್ಲಿಸಲು ಅರ್ಜಿ ಕೊಡಬೇಕೆಂದು ಹೊರಟೆ. ಅವ್ವ ಬಾಗಿಲಲ್ಲಿ ನಿಂತಳು.

"ತಾವಾಗೇ ನಿಲ್ಲಸೂತನಕ ಬರಲಿ ಬಿಡಬೇ. ಬ್ಯಾಡ ಅಂತ ಹೇಳಾಕ ಹೋಗಾವರನ್ನ ನಿನ್ನ ಒಬ್ಬಾಕಿನ್ನ ಕಂಡ್ನಿ."

ಪೆಟ್ಟಿಗೆಯಲ್ಲಿ ಇದ್ದ ಒಳ್ಳೆಯ ಸೀರೆ ಅದೊಂದೇ. ಸಾವಕಾರ್ತಿ ಕೊಟ್ಟ ಹಸಿರು ಉಟ್ಟುಕೊಂಡು ಹೋದೆ.

ಕಚೇರಿಯ ಗುಮಾಸ್ತ ಅರ್ಜಿ ನೋಡಿದ. ಸೀರೆ ನೋಡಿದ, ಕೆಂಪು ಹತ್ತಿದ ಬೆರಳು ನೋಡಿದ. ಮುಖ ಅರಳಿತು.

"ಮದಿವಿ ಆದ್ರೇನ್ರಿ? ಛಲೋ ಆತ ಬಿಡ್ರಿ."

"ಇಲ್ರಿ. ಕೆಲಸ ಸಿಕ್ಕೈತಿ."

"ಕೆಲಸ?" ಅವನು ತನ್ನಲ್ಲಿದ್ದ ಕಾಗದವನ್ನು ತಿರುಗಿಸಿ ನನ್ನ ಕಡೆ ಹಿಡಿದ. ನಿಲ್ಲಿಸಲು ಕಾರಣ ಎಂದಿದ್ದ ಕಡೆ ಬೆರಳಿಟ್ಟ. "ಮರಣ, ಮರುಮದುವೆ. ಆದಾಯ ಮೀರಿದ್ರ ಮ್ಯಾಲಿನವರ ನಿಲ್ಲಸ್ತಾರ, ಅರ್ಜಿ ಹಿಡಕೊಂಡು ಇಲ್ಲಿಗೆ ಬರೂವು ಇವೆರಡ ನೋಡ್ರಿ. ಯಾವುದು ಹಾಕ್ಲಿ?"

"ಕೆಳಗ ಜಾಗ ಐತೆಲ್ಲ. ಕೊಡ್ರಿ ಇಲ್ಲಿ."

ಅವನ ಪೆನ್ನು ತೆಗೆದುಕೊಂಡು, ನಿಂತುಕೊಂಡೇ ಬರೆದೆ: ಬೀಮ್ ಕೆಚ್ಚುತ್ತೇನೆ.

ಅವನು ಅದನ್ನು ಎರಡು ಸಲ ಓದಿದ. ಕೆಚ್ಚುವುದೆಂದರೇನು ಎಂದು ಕೇಳಿಯಾನು ಎಂದುಕೊಂಡೆ, ಕೇಳಲಿಲ್ಲ. ಪೆನ್ನು ವಾಪಸು ತೆಗೆದುಕೊಂಡು, ಸ್ಕೇಲು ಹುಡುಕಿ, ಮರಣದ ಮೇಲೊಂದು, ಮರುಮದುವೆಯ ಮೇಲೊಂದು ಗೆರೆ ಎಳೆದು ಎರಡನ್ನೂ ಹೊಡೆದುಹಾಕಿದ.